ಮಗಳ ಫಿಟ್ಸ್ ಔಷಧಿ ಮತ್ತು ನಮ್ಮ ಮನೆಯ ತೂಕದ ಪುಸ್ತಕ

2025ರ ಫೆಬ್ರವರಿಯಲ್ಲಿ ಡಾಕ್ಟ್ರು ಫೈಲ್ ಮುಚ್ಚಿ, "ಇನ್ನು ಆರು ತಿಂಗಳು ಬಿಟ್ಟು ಬನ್ನಿ" ಅಂದರು. ಎರಡೂವರೆ ವರ್ಷದಲ್ಲಿ ನಮಗೆ ಅಷ್ಟು ದೂರದ ತಾರೀಖು ಸಿಕ್ಕಿದ್ದು ಅದೇ ಮೊದಲು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಸುಮ್ನೆ ಅತ್ತೆ. ಮನೆಗೆ ಬಂದ ಮೇಲೆ ಇದನ್ನು ಬರೆದಿಡಬೇಕು ಅನ್ನಿಸಿತು. ನಮಗೆ ಮೊದಲ ದಿನವೇ ಗೊತ್ತಿದ್ದರೆ ಎಷ್ಟೋ ತಪ್ಪುತ್ತಿತ್ತು. ನಿಮ್ಮ ಮನೆಯಲ್ಲಿ ಫಿಟ್ಸ್ ಔಷಧಿ ತಗೊಳ್ಳುವ ಮಗು ಇದ್ದು, ಮಗು ಯಾಕೋ ದಪ್ಪ ಆಗ್ತಿದೆ ಅಥವಾ ಯಾಕೋ ಸೊರಗ್ತಿದೆ ಅಂತ ಅನ್ನಿಸಿದ್ದರೆ, ಇದು ನಿಮಗಾಗಿ.

ನಾವು ತಿಪಟೂರಿನವರು. 2022ರ ಜೂನ್‌ನಲ್ಲಿ ಮಗಳು ಎರಡನೇ ಕ್ಲಾಸಿಗೆ ಸೇರಿದಳು. ಆಗ ಅವಳಿಗೆ ಏಳು ವರ್ಷ. ಜುಲೈನಲ್ಲಿ ಮಿಸ್ ಕರೆಸಿ, "ಪಾಠದ ಮಧ್ಯೆ ಎಲ್ಲೋ ಹೋಗಿಬಿಡ್ತಾಳೆ, ಕರೆದರೂ ಕೇಳಿಸಲ್ಲ" ಅಂದರು. ಡಿಕ್ಟೇಶನ್ ಪುಸ್ತಕ ತೋರಿಸಿದರು. ಪ್ರತಿ ಪುಟದಲ್ಲೂ ಎರಡು ಮೂರು ಪದ ಬಿಟ್ಟುಹೋಗಿತ್ತು. ಒಂದು ಕಡೆ ಅಕ್ಷರ ಅರ್ಧಕ್ಕೇ ನಿಂತು, ಪೆನ್ಸಿಲ್ ಗೆರೆ ಕೆಳಗೆ ಜಾರಿಹೋಗಿತ್ತು. ನಾನು ಮನೆಗೆ ಬಂದು ಅವಳಿಗೆ ಬೈದೆ. ಗಮನ ಕೊಡಲ್ಲ ಅಂತ. ಆ ಬೈಗುಳ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಫಿಟ್ಸ್ ಅಂದರೆ ಬಿದ್ದು ಒದ್ದಾಡಬೇಕು, ಬಾಯಲ್ಲಿ ನೊರೆ ಬರಬೇಕು ಅಂತಲೇ ನಾವೆಲ್ಲ ಅಂದುಕೊಂಡಿರುತ್ತೇವೆ ಅಲ್ವಾ. ಇವಳದು ಹಾಗಲ್ಲ. ಮಾತು ಥಟ್ಟನೆ ನಿಲ್ಲುತ್ತಿತ್ತು. ಕಣ್ಣು ನೆಟ್ಟು, ರೆಪ್ಪೆ ಸಣ್ಣಗೆ ಅದುರುತ್ತಿತ್ತು. ಹತ್ತು ಹದಿನೈದು ಸೆಕೆಂಡ್ ಅಷ್ಟೇ. ಆಮೇಲೆ ಏನೂ ಆಗದವಳ ಥರ ಮಾತು ಮುಂದುವರಿಸುತ್ತಿದ್ದಳು. ಇದಕ್ಕೆ ಆಬ್ಸೆನ್ಸ್ ಸೀಜರ್ ಅಂತಾರೆ. ದಿನಕ್ಕೆ ಹತ್ತಾರು ಸಲ ಬರಬಹುದು.

ಮೆದುಳಿನ ಕೆಲಸವನ್ನು ಗೆರೆಯಾಗಿ ತೋರಿಸುವ ಇಇಜಿ ಪರೀಕ್ಷೆಗೆ ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ ಅಂದಿದ್ದರು. ತಲೆಗೆ ಸ್ನಾನ ಮಾಡಿಸಿ, ಎಣ್ಣೆ ಹಚ್ಚಬೇಡಿ ಅಂದಿದ್ದರು. ನಾವು ಕೊಬ್ಬರಿ ಊರಿನವರು. ಅತ್ತೆ ಅಭ್ಯಾಸ ಬಲದಿಂದ ಬೆಳಿಗ್ಗೆ ಎಣ್ಣೆ ಹಚ್ಚಿಬಿಟ್ಟಿದ್ದರು. ಮತ್ತೆ ಶಾಂಪೂ ಹಾಕಿ ತೊಳೆಯುವಷ್ಟರಲ್ಲಿ ರೈಲು ತಪ್ಪಿ, ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆವು. ಅಲ್ಲಿ ತಲೆಗೆ ವೈರು ಅಂಟಿಸಿ, ಜಾತ್ರೆಯಲ್ಲಿ ಸಿಗುವಂಥ ಕಾಗದದ ಗಿರಿಗಿಟ್ಲೆ ಕೈಗೆ ಕೊಟ್ಟು "ಜೋರಾಗಿ ಊದು ಪುಟ್ಟ" ಅಂದರು. ಮೂರು ನಿಮಿಷ ಊದಿಸುತ್ತಾರಂತೆ. ಎರಡು ನಿಮಿಷ ಆಗಿರಲಿಲ್ಲ, ಊದುವುದು ನಿಂತಿತು. ಗಿರಿಗಿಟ್ಲೆ ನಿಧಾನಕ್ಕೆ ತಿರುಗಿ ನಿಂತಿತು. ಅವಳ ಕಣ್ಣು ಗೋಡೆಗೆ ನೆಟ್ಟಿತ್ತು. ಪರದೆಯ ಮೇಲೆ ಗೆರೆಗಳೆಲ್ಲ ಒಟ್ಟಿಗೆ ಎದ್ದು ಎದ್ದು ಬಿದ್ದವು. ನಾನು ಬೈದಿದ್ದೆನಲ್ಲ, ಆ "ಗಮನ ಕೊಡಲ್ಲ" ಅನ್ನೋದು ಅಲ್ಲಿ ಗೆರೆಯಾಗಿ ಕಾಣುತ್ತಿತ್ತು.

ಆಗಸ್ಟ್‌ನಲ್ಲಿ ಸೋಡಿಯಂ ವಾಲ್ಪ್ರೋಯೇಟ್ ಸಿರಪ್ ಶುರುವಾಯಿತು. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಅವತ್ತು ಅವಳ ತೂಕ 22 ಕೆಜಿ, ಎತ್ತರ 118 ಸೆಂಟಿಮೀಟರ್. ಮಕ್ಕಳಿಗೆ ಈ ಔಷಧಿಗಳನ್ನು ಕೆಜಿಗೆ ಇಷ್ಟು ಮಿಲಿಗ್ರಾಂ ಅಂತ ಲೆಕ್ಕ ಹಾಕಿ ಕೊಡುತ್ತಾರೆ. ತೂಕ ಯಾಕೆ ಮುಖ್ಯ ಅನ್ನೋದಕ್ಕೆ ಮೊದಲ ಕಾರಣ ಇದೇ. ಡಾಕ್ಟ್ರು ವಾಂತಿ, ವಿಪರೀತ ಮಂಪರು, ಜೋರು ಹೊಟ್ಟೆನೋವು, ಮೈಮೇಲೆ ಸುಮ್ನೆ ನೀಲಿ ಕಲೆ ಕಾಣಿಸಿದರೆ ಕಾಯದೆ ಬನ್ನಿ ಅಂದಿದ್ದರು. ಲಿವರ್, ಪ್ಯಾಂಕ್ರಿಯಾಸ್, ಪ್ಲೇಟ್‌ಲೆಟ್ ಮೇಲೆ ಕೆಲವರಿಗೆ ತೊಂದರೆ ಆಗಬಹುದಂತೆ. ಅದನ್ನು ಗಟ್ಟಿಯಾಗಿ ನೆನಪಿಟ್ಟುಕೊಂಡೆವು. "ಹಸಿವು ಸ್ವಲ್ಪ ಜಾಸ್ತಿ ಆಗಬಹುದು" ಅಂತಲೂ ಹೇಳಿದ್ದರು. ಅದು ನಮಗೆ ಒಳ್ಳೇ ಸುದ್ದಿಯಾಗಿಯೇ ಕೇಳಿಸಿತು. ಊಟ ಮಾಡಿಸಲು ಊರೆಲ್ಲ ಸುತ್ತಿಸಬೇಕಿದ್ದ ಮಗು ಅದು.

ಮೂರು ವಾರದಲ್ಲಿ ದಿಟ್ಟಿಸುವುದು ನಿಂತಿತು. ಪೂರ್ತಿ ನಿಂತಿತು. ಡಿಕ್ಟೇಶನ್‌ನಲ್ಲಿ ಹತ್ತಕ್ಕೆ ಹತ್ತು ಬಂತು. ಇದನ್ನು ಮರೆಯದೆ ಹೇಳಬೇಕು, ಯಾಕೆಂದರೆ ಮುಂದೆ ನಾನು ಆ ಔಷಧಿಯ ಬಗ್ಗೆ ಕಷ್ಟದ ಮಾತೇ ಜಾಸ್ತಿ ಹೇಳುತ್ತೇನೆ. ಅದು ನನ್ನ ಮಗಳನ್ನು ನನಗೆ ವಾಪಸ್ ಕೊಟ್ಟ ಔಷಧಿ.

ನವೆಂಬರ್‌ಗೆ 24 ಕೆಜಿ. ಅತ್ತೆ ಕೆನ್ನೆ ಹಿಂಡಿ, "ಈಗ ನೋಡು ಮಗು ಮೈಕೈ ತುಂಬ್ಕೊಂಡು ಲಕ್ಷಣವಾಗಿದೆ" ಅಂದರು. ನನಗೂ ಖುಷಿಯೇ. ಸಂಕ್ರಾಂತಿ ಹೊತ್ತಿಗೆ ಖುಷಿ ಹೋಗಿ ಆಶ್ಚರ್ಯ ಶುರುವಾಯಿತು. ಎರಡು ಮುದ್ದೆ ಉಂಡು, ಅನ್ನ ಉಂಡು, ಕೈ ತೊಳೆದು ಬಂದು, "ಅಮ್ಮ, ಇನ್ನೂ ಹಸಿವು" ಅನ್ನುತ್ತಿದ್ದಳು. ನಾನು ನಕ್ಕು, "ಈಗ ತಾನೇ ಉಂಡೆಯಲ್ಲೇ" ಅಂದರೆ ಹೊಟ್ಟೆ ಮೇಲೆ ಕೈ ಇಟ್ಟು, "ಇಲ್ಲಿ ಖಾಲಿ ಇದೆ ಅನ್ನುತ್ತೆ ಅಮ್ಮ" ಅಂದಳು. ಸಿಹಿ ಕಂಡರೆ ತಡೆಯುತ್ತಲೇ ಇರಲಿಲ್ಲ. 2023ರ ಏಪ್ರಿಲ್‌ಗೆ 28 ಆಯಿತು. ಜೂನ್‌ನಲ್ಲಿ ಹೊಲಿಸಿದ ಯೂನಿಫಾರ್ಮ್ ಆಗಸ್ಟ್‌ಗೆ ಬಿಗಿಯಾಗಿ, ಮತ್ತೆ ಎರಡು ಜೊತೆ ಹೊಲಿಸಿದೆವು. ಕ್ಲಾಸಿನಲ್ಲಿ ಒಂದು ಅಡ್ಡಹೆಸರು ಬಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಆಗ ನಾನು ಮಾಡಿದ ಮೊದಲ ತಪ್ಪು, ಊಟ ಕಡಿಮೆ ಮಾಡಿದ್ದು. ತಿಂಡಿ ಡಬ್ಬಿಗಳನ್ನೆಲ್ಲ ಅಲ್ಮೇರಾದಲ್ಲಿಟ್ಟು ಬೀಗ ಹಾಕಿದೆ. ಒಂದು ಮಧ್ಯಾಹ್ನ ಅವಳು ಕಾಣಲಿಲ್ಲ. ಹುಡುಕಿದರೆ ಮಂಚದ ಕೆಳಗಿದ್ದಳು. ಒಂದು ಲೋಟದಲ್ಲಿ ಸಕ್ಕರೆ, ಇನ್ನೊಂದು ಕೈಯಲ್ಲಿ ಚಟ್ನಿಗೆ ತುರಿದಿಟ್ಟ ಕಾಯಿ. ಗಲ್ಲದ ತುಂಬ ಸಕ್ಕರೆ ಮೆತ್ತಿತ್ತು. ನನ್ನನ್ನು ನೋಡಿ ಬಾಯಲ್ಲಿದ್ದದ್ದನ್ನು ಅಗಿಯದೆ ಹಾಗೇ ಕೂತಳು. ಕಣ್ಣಲ್ಲಿ ನೀರು ತುಂಬಿತ್ತು. ಎಂಟು ವರ್ಷದ ಮಗುವನ್ನು ಅದರ ಮನೆಯಲ್ಲೇ ಕಳ್ಳಿ ಮಾಡಿದ್ದೆ. ಈ ಹಸಿವು ಮಗುವಿನ ದುರಾಸೆಯಲ್ಲ, ಹಟವಲ್ಲ. ಔಷಧಿ ತರುವ ಹಸಿವು. ಇದನ್ನು ಮನೆಮಂದಿಗೆಲ್ಲ, ಅಜ್ಜಿಗೆ, ಅತ್ತೆಗೆ, ಟೀಚರಿಗೆ ಮೊದಲೇ ಹೇಳಿಡಿ.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಸೆಪ್ಟೆಂಬರ್ ಕೊನೆಯಲ್ಲಿ ನಾನೂ ಯಜಮಾನ್ರೂ ಕೂತು ಮಾತಾಡಿದೆವು. ವರ್ಷ ಆಯಿತು, ಒಂದೇ ಒಂದು ಸಲವೂ ಬಂದಿಲ್ಲ, ವಾಸಿಯಾಗಿರಬೇಕು ಅಂತ. ನೆಂಟರೊಬ್ಬರು "ಇಂಗ್ಲಿಷ್ ಔಷಧಿ ಇಷ್ಟು ದಿನ ಕೊಡಬಾರದು" ಅಂದಿದ್ದರು. ರಾತ್ರಿ ಡೋಸ್ ಅರ್ಧ ಮಾಡಿದೆವು. ಡಾಕ್ಟ್ರನ್ನು ಕೇಳಲಿಲ್ಲ. ಹನ್ನೊಂದನೇ ದಿನ ಸ್ಕೂಲ್ ಬಿಟ್ಟಾಗ ಅವಳು ರಸ್ತೆ ದಾಟಿ ನನ್ನ ಕಡೆ ಬರುತ್ತಿದ್ದಳು. ಮಧ್ಯಕ್ಕೆ ಬಂದು ನಿಂತುಬಿಟ್ಟಳು. ಕಣ್ಣು ನೆಟ್ಟಿತ್ತು. ಟಿವಿಎಸ್‌ನಲ್ಲಿ ಎರಡು ಮೂಟೆ ಹೇರಿಕೊಂಡು ಬರುತ್ತಿದ್ದವರು ಬ್ರೇಕ್ ಹಾಕಿ ಪಕ್ಕಕ್ಕೆ ಬಿದ್ದರು. ಗಾಡಿಯ ಮುಂದಿನ ಚಕ್ರ ಅವಳ ಬ್ಯಾಗಿಗೆ ತಗುಲಿ ನಿಂತಿತ್ತು. ಅವಳು ರೆಪ್ಪೆ ಬಡಿದು, "ಅಮ್ಮ, ಏನಾಯ್ತು?" ಅಂದಳು.

ಯಾರ ಮಾತು ಕೇಳಿಯೂ, ತೂಕದ ಚಿಂತೆಗೂ, ಈ ಔಷಧಿಯನ್ನು ನೀವಾಗಿ ಕಡಿಮೆ ಮಾಡಬೇಡಿ, ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ, ಒಂದರ ಹಿಂದೆ ಒಂದು, ನಿಲ್ಲದೆ ಬರಬಹುದು ಅಂತ ಆಮೇಲೆ ಡಾಕ್ಟ್ರು ಹೇಳಿದರು. ನಮಗೆ ಅಷ್ಟಕ್ಕೇ ಮುಗಿಯಿತು. ಎಲ್ಲರಿಗೂ ಅಷ್ಟಕ್ಕೇ ಮುಗಿಯಬೇಕೆಂದಿಲ್ಲ.

ಅವತ್ತೇ ರಾತ್ರಿಯಿಂದ ಪೂರ್ತಿ ಡೋಸ್ ಕೊಟ್ಟು, ಮೂರನೇ ದಿನ ನಸುಕಿನ ರೈಲಿಗೆ ಹೊರಟೆವು. ಈ ಸಲ ಬೇರೆ ಆಸ್ಪತ್ರೆ, ಮಕ್ಕಳ ನರರೋಗ ತಜ್ಞರು. ಯಶವಂತಪುರದಲ್ಲಿ ಇಳಿದು, ಬಸ್ ಬದಲಿಸಿ ಹೋಗುವಾಗ ಎಂಟೂಕಾಲು. ನಮ್ಮ ಟೋಕನ್ 74. ಒಳಗೆ ಹೋಗಿದ್ದು ಎರಡೂ ಮುಕ್ಕಾಲಿಗೆ. ಕಾಯುವ ದಿನಕ್ಕೆ ಮಗುವಿನ ಮಧ್ಯಾಹ್ನದ ಊಟ, ನೀರು, ಒಂದು ಚಿತ್ರದ ಪುಸ್ತಕ, ಮತ್ತೆ ತಡವಾದರೆ ರಾತ್ರಿಯ ಡೋಸ್, ಇಷ್ಟು ಕೈಯಲ್ಲಿರಲಿ. ಆಧಾರ್, ರೇಷನ್ ಕಾರ್ಡ್, ಹಳೇ ಇಇಜಿ, ಎಲ್ಲ ಚೀಟಿಗಳು ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿರಲಿ. ನಮ್ಮದು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಮಡಚಿ ಇತ್ತು. ಡಾಕ್ಟ್ರು ಅದನ್ನು ಬಿಡಿಸಲಿಕ್ಕೇ ಐದು ನಿಮಿಷ ಹೋಯಿತು. ನಮಗೆ ಸಿಕ್ಕ ಸಮಯವೇ ಹನ್ನೆರಡು ನಿಮಿಷ.

ಅಲ್ಲೇ ಒಂದು ವಿಷಯ ಹೊರಬಿತ್ತು. ಏಪ್ರಿಲ್‌ನ ಚೀಟಿಯಲ್ಲಿ ತೂಕ 24 ಅಂತಿತ್ತು. ಏಪ್ರಿಲ್‌ನಲ್ಲಿ ಅವಳು 28 ಇದ್ದಳು. ಮನೆ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಅದೇ ವಾರ ತೂಕ ನೋಡಿದ್ದು ನನಗೆ ಚೆನ್ನಾಗಿ ನೆನಪಿತ್ತು. ಅವತ್ತು ಮೊದಲಿನ ಆಸ್ಪತ್ರೆಯಲ್ಲಿ ಯಾರೂ ಅವಳನ್ನು ತೂಗಿರಲೇ ಇಲ್ಲ. ಹಳೇ ಚೀಟಿ ನೋಡಿ ಬರೆದಿದ್ದರು. ಹಾಗಾಗಿ ಅಲ್ಲಿನ ಡಾಕ್ಟ್ರ ಕಣ್ಣಿಗೆ ತೂಕ ಏರಿದ್ದು ಬೀಳಲೇ ಇಲ್ಲ. ನಾನೂ ಬಾಯಿಬಿಟ್ಟು ಹೇಳಿರಲಿಲ್ಲ. ಫಿಟ್ಸ್ ನಿಂತಿರುವಾಗ ದಪ್ಪ ಆಗ್ತಾಳೆ ಅಂತ ಹೇಳುವುದು ಸಣ್ಣ ದೂರು ಅಂದುಕೊಂಡಿದ್ದೆ. ಪ್ರತಿ ಭೇಟಿಯಲ್ಲೂ ನಿಮ್ಮ ಮುಂದೆಯೇ ತೂಗಿಸಿ. ಎತ್ತರವನ್ನೂ ಅಳೆಯಿಸಿ. ಚಪ್ಪಲಿ, ಸ್ವೆಟರ್ ತೆಗೆಸಿ. ಚೀಟಿಯಲ್ಲಿ ಬರೆದ ಅಂಕಿ ಓದಿ ನೋಡಿ.

ಅವತ್ತು 32 ಕೆಜಿ, 125 ಸೆಂಟಿಮೀಟರ್. ಹದಿನಾಲ್ಕು ತಿಂಗಳಲ್ಲಿ ಹತ್ತು ಕೆಜಿ. ಈ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ವರ್ಷಕ್ಕೆ ಎರಡು ಮೂರು ಕೆಜಿ ಏರುತ್ತಾರೆ. ಡಾಕ್ಟ್ರು ಒಂದು ಗ್ರಾಫ್ ಹಾಳೆ ತೆಗೆದರು. ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನವರು 2015ರಲ್ಲಿ ನಮ್ಮ ದೇಶದ ಮಕ್ಕಳಿಗೆ ಅಂತ ಮಾಡಿದ ಬೆಳವಣಿಗೆಯ ಚಾರ್ಟ್ ಅದು. ಅದರಲ್ಲಿ ತೂಕ ಮತ್ತು ಎತ್ತರ ಸೇರಿಸಿ ಲೆಕ್ಕ ಹಾಕುವ ಬಿಎಂಐಗೆ ಎರಡು ಗೆರೆ ಇವೆ. ಒಂದು ದಾಟಿದರೆ ತೂಕ ಜಾಸ್ತಿ, ಇನ್ನೊಂದು ದಾಟಿದರೆ ಬೊಜ್ಜು. ಅವಳ ಚುಕ್ಕಿ ಮೊದಲ ಗೆರೆ ದಾಟಿ ಎರಡನೆಯದರ ಹತ್ತಿರ ಬಂದಿತ್ತು. ಮೊದಲ ದಿನದ 22 ಕೆಜಿಯ ಚುಕ್ಕಿ ಎಲ್ಲೋ ಕೆಳಗೆ, ಸರಿಯಾದ ಜಾಗದಲ್ಲಿತ್ತು. ಎರಡು ಚುಕ್ಕಿಗೂ ಗೆರೆ ಎಳೆದಾಗ ಯಾರಿಗೂ ವಿವರಿಸಬೇಕಾಗಲಿಲ್ಲ.

ನಾವು ಡೋಸ್ ಕಡಿಮೆ ಮಾಡಿದ್ದನ್ನು ಹೇಳಿಬಿಟ್ಟೆ. ಬೈಯುತ್ತಾರೆ ಅಂತ ಕಾಯುತ್ತಿದ್ದೆ. ಬೈಯಲಿಲ್ಲ. "ನೋಡಿಮ್ಮ, ತೂಕ ಜಾಸ್ತಿ ಆದರೆ ಅದಕ್ಕೆ ದಾರಿ ಇದೆ. ನೀವು ನನಗೆ ಅಂಕಿ ತಂದುಕೊಡಿ. ಔಷಧಿ ಬದಲಾಯಿಸೋದು ನನ್ನ ಕೆಲಸ" ಅಂದರು. ಆಮೇಲೆ ಅವರು ವಿವರಿಸಿದ್ದನ್ನು ನಾನು ಚೀಟಿಯ ಹಿಂದೆ ಬರೆದುಕೊಂಡೆ. ವಾಲ್ಪ್ರೋಯೇಟ್ ಹಸಿವು ಹೆಚ್ಚಿಸುತ್ತದೆ, ದೇಹದಲ್ಲಿ ಇನ್ಸುಲಿನ್ ಏರುವುದೂ ಉಂಟು. ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ, ತುಂಬ ಮಕ್ಕಳಿಗೆ ಆಗುತ್ತದೆ. ವಿಗಾಬ್ಯಾಟ್ರಿನ್, ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್, ಪೆರಂಪನೆಲ್‌ಗಳಲ್ಲೂ ತೂಕ ಏರಬಹುದು. ಟೋಪಿರಾಮೇಟ್, ಝೋನಿಸಮೈಡ್‌ಗಳಲ್ಲಿ ಇಳಿಯಬಹುದು. ಲೆವೆಟಿರಾಸೆಟಮ್, ಲ್ಯಾಮೋಟ್ರಿಜಿನ್‌ಗಳು ಹೆಚ್ಚಿನವರಿಗೆ ತೂಕಕ್ಕೆ ಏನೂ ಮಾಡುವುದಿಲ್ಲ. ನಿಮ್ಮ ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದು ಕಂಪನಿ ಇಟ್ಟ ಹೆಸರು. ಬಾಟಲಿ ಮೇಲೆ ಸಣ್ಣ ಅಕ್ಷರದಲ್ಲಿ ಔಷಧಿಯ ಹೆಸರು ಇರುತ್ತದೆ, ಅದನ್ನು ನೋಡಿ.

ನಮ್ಮದು ಹೆಣ್ಣುಮಗು ಆದ್ದರಿಂದ ಇನ್ನೊಂದು ಮಾತೂ ಬಂತು. ವಾಲ್ಪ್ರೋಯೇಟ್ ತಗೊಳ್ಳುತ್ತಿರುವಾಗ ಗರ್ಭಿಣಿಯಾದರೆ ಹುಟ್ಟುವ ಹತ್ತು ಮಕ್ಕಳಲ್ಲಿ ಸುಮಾರು ಒಂದಕ್ಕೆ ಅಂಗದೋಷ ಬರುತ್ತದೆ. ಬುದ್ಧಿ ಬೆಳವಣಿಗೆಯಲ್ಲಿ ಹಿಂದುಳಿಯುವುದು ಅದಕ್ಕಿಂತ ಜಾಸ್ತಿ. ಮುಟ್ಟಿನ ಏರುಪೇರು, ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳಾಗುವ ಪಿಸಿಓಡಿಯೂ ಬರಬಹುದು. "ಅವಳು ದೊಡ್ಡವಳಾಗೋ ಮುಂಚೆ ಹೇಗೂ ಬದಲಾಯಿಸಬೇಕಿತ್ತು, ಈಗಲೇ ಮಾಡೋಣ" ಅಂದರು. ಎಂಟು ವರ್ಷದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಮಾತು ಕೇಳುವುದು ಸುಲಭ ಇರಲಿಲ್ಲ. ಆದರೆ ಹೆಣ್ಣುಮಕ್ಕಳ ಅಪ್ಪ ಅಮ್ಮ ಇದನ್ನು ಕೇಳಿಯೇ ತಿಳಿದುಕೊಳ್ಳಬೇಕು.

ಬದಲಾಯಿಸುವ ಮುಂಚೆ ರಕ್ತ ಪರೀಕ್ಷೆ ಆಯಿತು. ಸಕ್ಕರೆ, ಕೊಬ್ಬು, ಥೈರಾಯ್ಡ್, ಲಿವರ್, ಪ್ಲೇಟ್‌ಲೆಟ್, ವಿಟಮಿನ್ ಡಿ. ಎಲ್ಲ ದಪ್ಪವನ್ನೂ ಔಷಧಿಯ ತಲೆಗೇ ಕಟ್ಟಬಾರದು, ಥೈರಾಯ್ಡ್ ಇದ್ದರೂ ಗೊತ್ತಾಗಬೇಕು ಅಂತ. ಖಾಲಿ ಹೊಟ್ಟೆಯಲ್ಲಿ ಕೊಡಬೇಕು ಅಂತ ಯಾರೂ ಮೊದಲೇ ಹೇಳಿರಲಿಲ್ಲ. ಇಡ್ಲಿ ತಿಂದಿದ್ದಳು. ಅದಕ್ಕಾಗಿ ಇನ್ನೊಂದು ದಿನ, ಇನ್ನೊಂದು ರೈಲು. ಆಮೇಲೆ ನಾನು ಪ್ರತಿ ಸಲ ಫೋನ್ ಮಾಡಿ ಕೇಳಿಯೇ ಹೊರಡುತ್ತಿದ್ದೆ.

ಆ ಎರಡನೇ ದಿನ ಸಾಲಿನಲ್ಲಿ ಪಕ್ಕದಲ್ಲಿ ಒಬ್ಬ ತಾಯಿ ಕೂತಿದ್ದರು. ಹೊಸದುರ್ಗದ ಕಡೆಯವರು. ಮಗನಿಗೆ ಹನ್ನೊಂದು ವರ್ಷ. ಅವರು ನನ್ನ ಮಗಳನ್ನು ನೋಡಿ, "ನಿಮ್ಮ ಮಗು ಎಷ್ಟು ಚೆನ್ನಾಗಿ ತಿಂತದಕ್ಕ" ಅಂದರು. ಅವರ ಹುಡುಗ ಟೋಪಿರಾಮೇಟ್ ತಗೊಳ್ಳುತ್ತಿದ್ದ. ಊಟದ ಮುಂದೆ ಕೂತರೆ ನಾಲ್ಕು ತುತ್ತಿಗೆ ಏಳುತ್ತಾನಂತೆ. ಬೆರಳು ಜುಮ್ ಅನ್ನುತ್ತದೆ ಅನ್ನುತ್ತಾನೆ, ಮಾತಾಡುವಾಗ ಪದ ಸಿಗದೆ ತಡಕಾಡುತ್ತಾನೆ. ಬೇಸಿಗೆಯಲ್ಲಿ ಬೆವರೇ ಬರದೆ ಮೈ ಸುಡುತ್ತಿತ್ತು. ಊರಲ್ಲಿ ದೃಷ್ಟಿ ತಗುಲಿದೆ ಅಂತ ತೆಗೆಸಿದ್ದರು. ಊಟ ಬಿಟ್ಟಿದ್ದಕ್ಕೆ ಅಪ್ಪ ಹೊಡೆದೂ ಇದ್ದರಂತೆ. ಅವನ ತೂಕ ಎಷ್ಟು ಇಳಿದಿದೆ ಅಂತ ಕೇಳಿದೆ. "ಗೊತ್ತಿಲ್ಲಕ್ಕ, ಬಟ್ಟೆ ಲೂಸಾಗಿದೆ" ಅಂದರು. ಹೊರಗಿದ್ದ ತಕ್ಕಡಿ ಮೇಲೆ ನಿಲ್ಲಿಸಿದೆವು. 28. ಹಳೇ ಚೀಟಿ ತೆಗೆದರೆ ಐದು ತಿಂಗಳ ಹಿಂದೆ 34. ಆ ಎರಡು ಅಂಕಿಯನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಅವರ ಕೈಗೆ ಕೊಟ್ಟೆ. ಒಳಗೆ ಹೋದ ತಕ್ಷಣ ಮೊದಲು ಇದನ್ನೇ ತೋರಿಸಿ ಅಂದೆ. ಅವರು ಹೊರಗೆ ಬಂದಾಗ ಡೋಸ್ ಕಡಿಮೆ ಆಗಿತ್ತು. ಕಿಡ್ನಿಯಲ್ಲಿ ಕಲ್ಲು ಆಗದ ಹಾಗೆ ನೀರು ಚೆನ್ನಾಗಿ ಕುಡಿಸಿ, ಬಿಸಿಲಿಗೆ ಆಡಲು ಬಿಡಬೇಡಿ ಅಂದಿದ್ದರು. ನಾವು ಒಬ್ಬರಿಗೊಬ್ಬರು ಫೋನ್ ನಂಬರ್ ಕೊಟ್ಟುಕೊಂಡೆವು. ಒಬ್ಬರ ಮಗು ತಿಂದು ತಿಂದು ಬೈಸಿಕೊಂಡಿತ್ತು, ಇನ್ನೊಬ್ಬರದು ತಿನ್ನದೆ ಹೊಡೆಸಿಕೊಂಡಿತ್ತು. ಎರಡಕ್ಕೂ ಕಾರಣ ಫಿಟ್ಸ್ ಔಷಧಿಯೇ.

ಡಾಕ್ಟ್ರು ನಮಗೆ ಲ್ಯಾಮೋಟ್ರಿಜಿನ್ ಆರಿಸಿದರು. ಈ ಥರದ ಫಿಟ್ಸಿಗೆ ಎಥೋಸಕ್ಸಿಮೈಡ್ ಅನ್ನೋದು ಒಳ್ಳೆಯದು, ಆದರೆ ಸಿಗುವುದು ಕಷ್ಟ ಅಂದರು. ಲ್ಯಾಮೋಟ್ರಿಜಿನ್ ಎಲ್ಲ ಮಕ್ಕಳಿಗೂ ವಾಲ್ಪ್ರೋಯೇಟ್‌ನಷ್ಟು ಚೆನ್ನಾಗಿ ಹಿಡಿಯುವುದಿಲ್ಲ ಅನ್ನೋದನ್ನೂ ಮುಚ್ಚಿಡಲಿಲ್ಲ. ನೋಡೋಣ, ಹಿಡಿಯದಿದ್ದರೆ ಬೇರೆ ದಾರಿ ಇದೆ ಅಂದರು.

2024ರ ಜನವರಿಯಲ್ಲಿ ಶುರು. ಇದು ತುಂಬ ನಿಧಾನದ ಕೆಲಸ, ಮನಸ್ಸು ಗಟ್ಟಿ ಮಾಡಿಕೊಳ್ಳಿ. ವಾಲ್ಪ್ರೋಯೇಟ್ ಜೊತೆ ಕೊಟ್ಟರೆ ಲ್ಯಾಮೋಟ್ರಿಜಿನ್ ದೇಹದಲ್ಲಿ ದುಪ್ಪಟ್ಟು ಹೊತ್ತು ಉಳಿಯುತ್ತದೆ. ಬೇಗ ಏರಿಸಿದರೆ ಚರ್ಮದ ಮೇಲೆ ಅಪಾಯದ ಗುಳ್ಳೆ ಏಳಬಹುದು. ಹಾಗಾಗಿ ನನ್ನ ಮಗಳ ತೂಕಕ್ಕೆ ಮೊದಲ ಎರಡು ವಾರ ದಿನಕ್ಕೆ ಬರೀ 5 ಮಿಲಿಗ್ರಾಂ, ಆಮೇಲೆ ಎರಡು ವಾರ 10. ಇದು ಅವಳ ಲೆಕ್ಕ, ನಿಮ್ಮ ಮಗುವಿನದು ಬೇರೆ ಇರುತ್ತದೆ. ನೀರಲ್ಲಿ ಕರಗುವ 5 ಮಿಲಿಗ್ರಾಂ ಮಾತ್ರೆ ನಮ್ಮ ಊರಿನ ಮೂರು ಅಂಗಡಿಯಲ್ಲೂ ಇರಲಿಲ್ಲ. "25 ಇದೆ, ಐದು ತುಂಡು ಮಾಡ್ಕೊಳ್ಳಿ" ಅಂದರು ಒಬ್ಬರು. ಒಪ್ಪಲಿಲ್ಲ. ತುಮಕೂರಿನಿಂದ ಆರ್ಡರ್ ಮಾಡಿ ತರಿಸಿದೆವು, ನಾಲ್ಕು ದಿನ ಹಿಡಿಯಿತು. ಬೆಂಗಳೂರು ಬಿಡುವ ಮುಂಚೆಯೇ ಆಸ್ಪತ್ರೆ ಎದುರಿನ ಅಂಗಡಿಯಲ್ಲಿ ತಿಂಗಳಿಗಾಗುವಷ್ಟು ತಗೊಳ್ಳಿ. ಒಮ್ಮೆ ಹೊಂದಿದ ಕಂಪನಿಯದ್ದನ್ನೇ ಮುಂದೆಯೂ ತಗೊಳ್ಳಿ.

ಐದನೇ ವಾರ, ಭಾನುವಾರ ರಾತ್ರಿ ಸ್ನಾನ ಮಾಡಿಸುವಾಗ ಕುತ್ತಿಗೆ ಹಿಂದೆ, ಬೆನ್ನ ಮೇಲೆ ಸಣ್ಣ ಕೆಂಪು ಗುಳ್ಳೆ. ನನ್ನ ಕೈಲಿದ್ದ ಚೊಂಬು ಕೆಳಗೆ ಬಿತ್ತು. ಜ್ವರ, ಬಾಯಲ್ಲಿ ಹುಣ್ಣು, ಕಣ್ಣು ಕೆಂಪು ಇದ್ದರೆ ಒಂದು ಗಂಟೆಯೂ ಕಾಯಬೇಡಿ ಅಂದಿದ್ದರು. ಟಾರ್ಚ್ ಹಿಡಿದು ಬಾಯಿ ನೋಡಿದೆ, ಕಣ್ಣು ನೋಡಿದೆ. ಏನೂ ಇರಲಿಲ್ಲ. ಆದರೂ ಬೆಳಿಗ್ಗೆವರೆಗೆ ತಡೆಯಲಾಗದೆ ಕಾರು ಮಾಡಿಕೊಂಡು ತುಮಕೂರಿಗೆ ಹೋದೆವು. ಬೆವರುಸಾಲೆ ಅಂದರು. ಕಾರಿಗೆ ಮೂರು ಸಾವಿರ ಕೊಟ್ಟಿದ್ದಕ್ಕೆ ನನಗೆ ಬೇಜಾರಿಲ್ಲ. ಇನ್ನೊಂದು ಸಲ ಬಂದರೂ ಹೋಗುತ್ತೇನೆ. ಇನ್ನೊಂದು ವಿಷಯ, ಈ ಮಾತ್ರೆ ಏನೋ ಕಾರಣಕ್ಕೆ ಕೆಲವು ದಿನ ತಪ್ಪಿದರೆ ಮೊದಲಿನ ಡೋಸಿಗೆ ಹಾಗೇ ವಾಪಸ್ ಹೋಗಬಾರದು. ಮತ್ತೆ ಕೆಳಗಿನಿಂದ ಶುರು ಮಾಡಬೇಕಾಗಬಹುದು. ಫೋನ್ ಮಾಡಿ ಕೇಳಿ.

ಮೇ ತಿಂಗಳಿಂದ ಸಿರಪ್ ಇಳಿಸಲು ಶುರು. ಎರಡು ವಾರಕ್ಕೆ ಸ್ವಲ್ಪ ಸ್ವಲ್ಪ. ಸಿರಪ್ ಇಳಿದ ಹಾಗೆ ಮಾತ್ರೆ ಏರಿಸಬೇಕು. ಆ ಮೂರು ತಿಂಗಳು ನಾನು ಮಗಳ ಕಣ್ಣು ನೋಡುವುದನ್ನು ಬಿಟ್ಟು ಬೇರೆ ಏನೂ ಮಾಡಲಿಲ್ಲ ಅನ್ನಿಸುತ್ತದೆ. ಅವಳು ಟಿವಿ ನೋಡುತ್ತಾ ಸುಮ್ಮನಿದ್ದರೂ ಹೆಸರು ಕರೆಯುತ್ತಿದ್ದೆ. "ಇಲ್ಲೇ ಇದೀನಮ್ಮ" ಅಂತ ಅವಳಿಗೂ ಹೇಳಿ ಹೇಳಿ ಸಾಕಾಗಿತ್ತು. ಜುಲೈನಲ್ಲಿ ಎರಡು ದಿನ ಸಣ್ಣಗೆ ದಿಟ್ಟಿಸಿದಳು. ವಿಡಿಯೋ ಮಾಡಿ ಕಳಿಸಿದೆ, ಮಾತ್ರೆ ಸ್ವಲ್ಪ ಏರಿಸಿದರು, ನಿಂತಿತು. ಆಗಸ್ಟ್‌ನಲ್ಲಿ ಸಿರಪ್ ಪೂರ್ತಿ ನಿಂತಿತು. ಸರಿಯಾಗಿ ಎರಡು ವರ್ಷ.

ಊಟದ ವಿಷಯ. ಆಸ್ಪತ್ರೆಯ ಆಹಾರ ತಜ್ಞೆ ಮೊದಲು ನನ್ನಿಂದ ಅಲ್ಮೇರಾದ ಬೀಗ ತೆಗೆಸಿದರು. ಮಗುವಿಗೆ ಒಂದು, ಮನೆಯವರಿಗೆ ಒಂದು ಅಂತ ಮಾಡಬೇಡಿ, ತಿನ್ನಬಾರದ್ದನ್ನು ಮನೆಗೇ ತರಬೇಡಿ ಅಂದರು. ಬಿಸ್ಕತ್ತು, ಬೇಕರಿ ಬನ್ನು, ಹಾಲಿಗೆ ಹಾಕುವ ಪುಡಿ, ಜ್ಯೂಸ್ ಪ್ಯಾಕೆಟ್ ಮನೆಯಿಂದ ಹೋದವು. ಯಜಮಾನ್ರ ಸಂಜೆಯ ಮಿಕ್ಸ್ಚರ್ ಕೂಡ. ಊಟಕ್ಕೆ ಮೊದಲು ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿ ಅಥವಾ ಸೌತೆಕಾಯಿ. ಮುದ್ದೆ ಇರಲಿ, ಒಂದೇ ಇರಲಿ, ಜೊತೆಗೆ ಸೊಪ್ಪಿನ ಸಾರು, ಕಾಳು ಜಾಸ್ತಿ. ಹಸಿವು ಅಂದರೆ ಬೈಯುವ ಬದಲು ನೀರುಮಜ್ಜಿಗೆ, ಸೀಬೆಹಣ್ಣು. ಕಾಯಿ ಹಾಕದೆ ನಮಗೆ ಅಡುಗೆ ಬರುವುದಿಲ್ಲ. ಕಾಯನ್ನು ಅರ್ಧ ಹೋಳಿನಷ್ಟಕ್ಕೆ ಇಳಿಸಿದೆವು, ಅತ್ತೆಯೂ ಒಪ್ಪಿಕೊಂಡರು. ಆಹಾರ ತಜ್ಞೆ ಹೇಳಿದ ಒಂದು ಮಾತು ನನ್ನ ಭಾರ ಇಳಿಸಿತು. ಬೆಳೆಯುವ ಮಗುವಿನ ತೂಕ ಇಳಿಸಲೇಬೇಕು ಅಂತಿಲ್ಲ, ತೂಕ ನಿಂತರೆ ಸಾಕು, ಎತ್ತರ ಬೆಳೆದು ಅದೇ ಸರಿಹೋಗುತ್ತದೆ ಅಂತ.

ಆಟಕ್ಕೆ ಸ್ಕೂಲಿನಲ್ಲಿ ಬಿಡುತ್ತಿರಲಿಲ್ಲ. "ಏನಾದರೂ ಆದರೆ?" ಅನ್ನುವ ಭಯ ಅವರಿಗೆ. ಡಾಕ್ಟ್ರಿಂದ ಪತ್ರ ಬರೆಸಿ ಕೊಟ್ಟೆವು. ಓಟ, ಸ್ಕಿಪ್ಪಿಂಗ್, ಖೋಖೋ ಆಡಬಹುದು. ಕೆರೆ, ಬಾವಿ, ಈಜುಕೊಳಕ್ಕೆ ಒಬ್ಬಳೇ ಹೋಗಬಾರದು, ಎತ್ತರ ಹತ್ತಬಾರದು, ರೋಡಿನಲ್ಲಿ ಸೈಕಲ್ ಸದ್ಯಕ್ಕೆ ಬೇಡ. ಈ ಪತ್ರ ಕೇಳಿ ಬರೆಸಿಕೊಳ್ಳಿ, ಯಾರೂ ಅವರಾಗಿ ಕೊಡುವುದಿಲ್ಲ.

ತೂಕದ ಪುಸ್ತಕ ಅಂದೆನಲ್ಲ. ಇನ್ನೂರು ಪುಟದ ಸ್ಕೂಲ್ ನೋಟ್‌ಬುಕ್, ಅದರಲ್ಲಿ ಐದು ಮನೆ. ತಾರೀಖು, ತೂಕ, ಎತ್ತರ, ಆ ದಿನದ ಡೋಸ್, ಫಿಟ್ಸ್ ಬಂತಾ ಇಲ್ಲವಾ. ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ, ತಿಂಡಿಗೆ ಮುಂಚೆ, ಅದೇ ತಕ್ಕಡಿ. ದಿನಾ ತೂಗಬೇಡಿ, ಮಗುವಿಗೆ ಹಿಂಸೆ. ನಾವು ಅಂಕಿಯನ್ನು ಜೋರಾಗಿ ಓದುವುದಿಲ್ಲ. ತಕ್ಕಡಿಗೆ ಒಂಬೈನೂರು ರೂಪಾಯಿ ಆಯಿತು. ಒಟ್ಟು ಖರ್ಚು ಕೂಡಿಸಿದರೆ, ಓಡಾಟ, ಎರಡು ಇಇಜಿ, ಪರೀಕ್ಷೆಗಳು, ಔಷಧಿ, ಯಜಮಾನ್ರ ಕೂಲಿ ಹೋದ ದಿನಗಳು ಸೇರಿ ಐವತ್ತೆಂಟು ಸಾವಿರದ ಹತ್ತಿರ. ಔಷಧಿಗಿಂತ ಓಡಾಟದ್ದೇ ಜಾಸ್ತಿ. ಸುತ್ತ ಎಲ್ಲಾದರೂ ಜನೌಷಧಿ ಅಂಗಡಿ ಇದ್ದರೆ ಕೇಳಿ ನೋಡಿ. ಆದರೆ ಕಂಪನಿ ಬದಲಾಯಿಸುವ ಮುಂಚೆ ಡಾಕ್ಟ್ರಿಗೆ ಹೇಳಿ.

ಸಿರಪ್ ನಿಂತು ಎರಡು ತಿಂಗಳಿಗೆ ಹಸಿವು ಇಳಿಯಿತು. ಒಂದು ರಾತ್ರಿ ತಟ್ಟೆಯಲ್ಲಿ ಅನ್ನ ಬಿಟ್ಟು, "ಸಾಕಮ್ಮ" ಅಂದಳು. ಅವಳ ಬಾಯಲ್ಲಿ ಆ ಮಾತು ಕೇಳಿ ಎರಡು ವರ್ಷ ಆಗಿತ್ತು. ಯಾರೂ ಏನೂ ಹೇಳಲಿಲ್ಲ. ಅತ್ತೆ ಎದ್ದು ಒಳಗೆ ಹೋಗಿ ದೇವರ ಮುಂದೆ ನಿಂತರು.

2024ರ ಮಾರ್ಚ್‌ನಲ್ಲಿ 34 ಕೆಜಿ ಇದ್ದದ್ದು ಆಗಸ್ಟ್‌ನಲ್ಲೂ 34. 2025ರ ಫೆಬ್ರವರಿಯಲ್ಲಿ 33.2. ಎತ್ತರ 133. ಗ್ರಾಫಿನ ಮೇಲೆ ಚುಕ್ಕಿ ಮೊದಲ ಗೆರೆಯ ಹತ್ತಿರಕ್ಕೆ ಇಳಿದಿದೆ. ಮಾತ್ರೆ ಶುರುವಾದ ಮೇಲೆ ಜುಲೈನ ಆ ಎರಡು ದಿನ ಬಿಟ್ಟರೆ ಫಿಟ್ಸ್ ಇಲ್ಲ. ಮಾತ್ರೆ ಇನ್ನೂ ಒಂದೂವರೆ ವರ್ಷ ಕೊಡಬೇಕು, ಆಮೇಲೆ ಇಇಜಿ ನೋಡಿ ಯೋಚನೆ ಮಾಡೋಣ ಅಂದಿದ್ದಾರೆ. ಮಗಳು ಹೊರಗೆ ಬಂದು, "ಅಳಬೇಡಮ್ಮ, ಹೊಟ್ಟೆ ಹಸೀತಿದೆ, ದೋಸೆ ತಿನ್ನೋಣ" ಅಂದಳು. ಒಂದು ದೋಸೆ ತಿಂದಳು, ಸಾಕು ಅಂದಳು.

ಇದನ್ನು ಬರೆಯುತ್ತಿರುವಾಗಲೇ ನಿನ್ನೆ ರಾತ್ರಿ ಹೊಸದುರ್ಗದ ಆ ತಾಯಿ ಫೋನ್ ಮಾಡಿದ್ದರು. ಡೋಸ್ ಇಳಿಸಿದರೂ ಹುಡುಗ ತಿನ್ನದೆ ಇದ್ದುದಕ್ಕೆ ಹೋದ ವರ್ಷ ಅವನ ಔಷಧಿಯನ್ನೂ ಬದಲಾಯಿಸಿದ್ದರು. ಅವರೂ ಒಂದು ನೋಟ್‌ಬುಕ್ ಇಟ್ಟಿದ್ದಾರೆ. "ಬರ್ಕೊಳ್ಳಿ ಅಕ್ಕ, ಈ ತಿಂಗಳು 35" ಅಂದರು. ಹಿಂದಿನಿಂದ ಹುಡುಗ ಕೂಗಿದ, "35.4!"